ಯಾರ ಕೈಯ ಮೊಳ?

ಬಂದ್, ಮುಷ್ಕರ, ಧರಣಿ: ಮೂರಕ್ಕೂ ಬೆಲೆಯಿದೆ. ಆ ಬೆಲೆ ತೆರುವವರು ಯಾರು, ಅಳೆಯುವವರು ಯಾರು?

ಕೆ.ಆರ್. ಮಾರುಕಟ್ಟೆಯ ಹೊರಗೆ, ಮೇಲ್ಸೇತುವೆಯ ನೆರಳು ಬೀಳುವ ಕಡೆ ಕೂತು ಹೂ ಮಾರುವ ಆ ಅಮ್ಮನ ಹತ್ತಿರ ತಕ್ಕಡಿ ಇಲ್ಲ. ಬಿಡಿ ಹೂವನ್ನು ಬೆಳಗಿನ ಜಾವ ಕೆ.ಜಿ. ಲೆಕ್ಕದಲ್ಲಿ ಕೊಂಡು, ಅಲ್ಲೇ ಕೂತು ಕಟ್ಟಿ, ಮೊಳದ ಲೆಕ್ಕದಲ್ಲಿ ಮಾರುತ್ತಾಳೆ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಗಿಡ್ಡನೆಯ ಹೆಂಗಸು, ಕೈಯೂ ಗಿಡ್ಡ. ಹಾಗಾಗಿ ಎತ್ತರದ ಗಿರಾಕಿಗಳ ಜತೆ ದಿನವೂ ಅದೇ ತಕರಾರು: 'ನಿನ್ನ ಮೊಳ ಬೇಡಮ್ಮ, ನನ್ನ ಕೈಲಿ ಅಳಿ.' ಆಕೆ ನಗುತ್ತಾಳೆ. ಅಳೆಯುವುದು ಮಾತ್ರ ತನ್ನ ಕೈಯಲ್ಲೇ.

2023ರ ಸೆಪ್ಟೆಂಬರ್ 26, ಮಂಗಳವಾರ. ಕಾವೇರಿ ನೀರಿಗಾಗಿ ಬೆಂಗಳೂರು ಬಂದ್. ಹಾಲಿನ ಅಂಗಡಿ, ಔಷಧದ ಅಂಗಡಿ ಬಿಟ್ಟರೆ ಉಳಿದ ಕಡೆ ಅರ್ಧ ಎಳೆದ ಷಟರ್‌ಗಳು. ಸೇವಂತಿಗೆಯ ರಾಶಿಯ ಮೇಲೆ ಒದ್ದೆ ಗೋಣಿತಟ್ಟು ಹೊದಿಸಿ, ಆಕೆ ಸುಮ್ಮನೆ ಕೂತಿದ್ದಳು. ಯಾಕೆ ಬಂದೆ ಇವತ್ತು ಎಂದೆ. 'ಹೂವು ನಿನ್ನೇನೇ ತಗೊಂಡಾಗಿತ್ತಲ್ಲ ಸಾರ್. ದುಡ್ಡು ಕೊಟ್ಟೋನು ಬಂದ್ ಅಂತ ಬಿಡ್ತಾನಾ?' ಎಂದಳು. ಬೆಳಿಗ್ಗೆ ಒಂಬೈನೂರು ಕೈಗೆ ಕೊಟ್ಟು ಸಂಜೆ ಸಾವಿರ ಎಣಿಸಿಕೊಳ್ಳುವವರು ಮಾರುಕಟ್ಟೆಯಲ್ಲಿ ಇಂದಿಗೂ ಇದ್ದಾರೆ. ಅವರ ಹಿಡಿತದಿಂದ ಬಿಡಿಸಲೆಂದೇ ರಾಜ್ಯ ಸರ್ಕಾರ 2018ರಲ್ಲಿ 'ಬಡವರ ಬಂಧು' ಯೋಜನೆ ತಂದು, ಬೀದಿ ವ್ಯಾಪಾರಿಗಳಿಗೆ 2,000ದಿಂದ 10,000 ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ ಘೋಷಿಸಿತ್ತು. ಅದು ಸಿಕ್ಕವರಿಗೆ ಸಿಕ್ಕಿತು, ಉಳಿದವರಿಗೆ ದಿನದ ಬಡ್ಡಿಯೇ ಗತಿ.

ಬಂದ್ ಮೇಲೆ ಆಕೆಗೆ ಸಿಟ್ಟಿರಬಹುದೆಂದು ನಾನು ಅಂದುಕೊಂಡಿದ್ದೆ. ಆಕೆ ಅಂದದ್ದೇ ಬೇರೆ: 'ನಮ್ಮೂರು ಮಳವಳ್ಳಿ ಕಡೆ. ನಮ್ಮಣ್ಣ ಈ ಸಲ ಭತ್ತಾನೇ ಹಾಕಿಲ್ಲ. ನೀರು ಕೇಳಬೇಕು, ಬ್ಯಾಡ ಅನ್ನಲ್ಲ. ಆದ್ರೆ ನನ್ನ ಹೂವು ಏನು ಮಾಡಿತ್ತು?'

ಪ್ರತಿಭಟನೆಯ ಹಕ್ಕು ದೊಡ್ಡದೋ, ದುಡಿದು ತಿನ್ನುವ ಹಕ್ಕು ದೊಡ್ಡದೋ ಎಂಬ ಚರ್ಚೆ ಟಿ.ವಿ.ಗಳಲ್ಲಿ ಎರಡು ಪಂಗಡಗಳ ಕುಸ್ತಿಯಂತೆ ನಡೆಯುತ್ತದೆ. ಇಲ್ಲಿ ಅಣ್ಣ ಒಂದು ಪಂಗಡದಲ್ಲಿ, ತಂಗಿ ಇನ್ನೊಂದರಲ್ಲಿ. ಇಬ್ಬರದೂ ಒಂದೇ ಮನೆ, ಒಂದೇ ಕಷ್ಟ.

ಬಾಗಿಲು ಮುಚ್ಚಿಸುವುದು, ಕೈ ಕಟ್ಟಿಕೊಳ್ಳುವುದು

ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಸೆಪ್ಟೆಂಬರ್ 13ರಂದು ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತ್ತು. ಅದರ ನಡುವೆಯೇ ತಮಿಳುನಾಡಿಗೆ 15 ದಿನ 5,000 ಕ್ಯುಸೆಕ್ ನೀರು ಬಿಡಬೇಕೆಂಬ ಕಾವೇರಿ ನಿರ್ವಹಣಾ ಪ್ರಾಧಿಕಾರದ ಆದೇಶ. 21ರಂದು ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲು ಒಪ್ಪಲಿಲ್ಲ. ಒಂದೇ ವಾರದಲ್ಲಿ ಎರಡು ಬಂದ್‌ಗಳು ಬಂದವು: 26ಕ್ಕೆ ಬೆಂಗಳೂರು, 29ಕ್ಕೆ ಇಡೀ ಕರ್ನಾಟಕ. ಬೆಂಗಳೂರು ಮುಚ್ಚಿದ್ದ ದಿನವೇ ದೆಹಲಿಯಲ್ಲಿ ಕೂತ ಕಾವೇರಿ ನೀರು ನಿಯಂತ್ರಣ ಸಮಿತಿ, 28ರಿಂದ ಅಕ್ಟೋಬರ್ 15ರವರೆಗೆ 3,000 ಕ್ಯುಸೆಕ್ ಬಿಡಿ ಎಂದಿತು. ರಾಜ್ಯ ಮುಚ್ಚಿದ್ದ ದಿನ ಪ್ರಾಧಿಕಾರ ಅದನ್ನೇ ಎತ್ತಿಹಿಡಿಯಿತು. ಐದು ಮೂರಕ್ಕೆ ಇಳಿದದ್ದು ಬಂದ್‌ನ ಬಿಸಿಗೆ ಎಂದು ಬೇಕಾದವರು ಹೇಳಿಕೊಳ್ಳಬಹುದು. ಸಮಿತಿಯ ಮುಂದಿರುವುದು ಜಲಾಶಯಗಳ ಒಳಹರಿವು ಮತ್ತು ಮಳೆ ಕೊರತೆಯ ಕೋಷ್ಟಕ. ಚಿಕ್ಕಪೇಟೆಯ ಮುಚ್ಚಿದ ಅಂಗಡಿಗಳಿಗೆ ಆ ಕೋಷ್ಟಕದಲ್ಲಿ ಕಾಲಂ ಇಲ್ಲ.

ನಮ್ಮಲ್ಲಿ ಬಂದ್, ಮುಷ್ಕರ, ಧರಣಿ ಎಂಬ ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಮೂರೂ ಬೇರೆ. ಧರಣಿ ಕೂರುವವನು ತನ್ನ ಹೊತ್ತನ್ನು ಕೊಡುತ್ತಾನೆ. ಮುಷ್ಕರ ಹೂಡುವವನು ತನ್ನ ಸಂಬಳವನ್ನು ಪಣಕ್ಕಿಡುತ್ತಾನೆ. ಬಂದ್ ಕರೆಯುವವನು ಪಣಕ್ಕಿಡುವುದು ಪಕ್ಕದವನ ಗಲ್ಲಾಪೆಟ್ಟಿಗೆಯನ್ನು. ಮುಷ್ಕರವೆಂದರೆ ನನ್ನ ಕೈಯನ್ನು ನಾನು ಕಟ್ಟಿಕೊಳ್ಳುವುದು. ಬಂದ್ ಎಂದರೆ ನಿನ್ನ ಬಾಗಿಲನ್ನು ನಾನು ಮುಚ್ಚಿಸುವುದು.

ಈ ಸೂಕ್ಷ್ಮವನ್ನು ಕಾನೂನಿನ ಮಾತಿನಲ್ಲಿ ಮೊದಲು ಬಿಡಿಸಿ ಹೇಳಿದ್ದು ಕೇರಳ ಹೈಕೋರ್ಟ್. 1997ರಲ್ಲಿ ಅದರ ಪೂರ್ಣಪೀಠ, ಬಂದ್ ಸಂವಿಧಾನಬಾಹಿರ ಎಂದಿತು. ಕಾರಣ ಸರಳ: ಬಂದ್‌ನಲ್ಲಿ ಒತ್ತಾಯ ಅಡಗಿದೆ, ಅಂಗಡಿ ತೆರೆದರೆ ಏನಾದೀತು ಎಂಬ ಭಯವೇ ಅದರ ಬಲ. ಅದೇ ವರ್ಷ ಸುಪ್ರೀಂ ಕೋರ್ಟ್ ಈ ತೀರ್ಪನ್ನು ಎತ್ತಿಹಿಡಿಯಿತು. ಕೇರಳದ ಪಕ್ಷಗಳು ಹೆಸರು ಬದಲಿಸಿ 'ಹರತಾಳ' ಎಂದವು. ನಮ್ಮಲ್ಲಿ ಹೆಸರು ಬದಲಿಸುವ ಗೋಜಿಗೂ ಯಾರೂ ಹೋಗಲಿಲ್ಲ, 'ಸ್ವಯಂಪ್ರೇರಿತ' ಎಂಬ ವಿಶೇಷಣವೊಂದು ಸೇರಿತು. ಹಿಂದಿನ ದಿನ ಸಂಜೆ ಹೆಗಲಿಗೆ ಶಾಲು ಹಾಕಿಕೊಂಡ ಏಳೆಂಟು ಮಂದಿ ಅಂಗಡಿಗೆ ಬಂದು, ಕೈಮುಗಿದು, 'ನಾಳೆ ಸಹಕಾರ ಕೊಡಿ ಅಣ್ಣ' ಎಂದು ಹೋದರೆ, ಮರುದಿನ ಅಣ್ಣನಿಗೆ ತಾನಾಗಿಯೇ ಪ್ರೇರಣೆ ಬರುತ್ತದೆ.

ಹಾಗೆಂದು ಸಂವಿಧಾನ ಪ್ರತಿಭಟಿಸುವವರ ಕೈ ಬಿಟ್ಟಿಲ್ಲ. ಮಾತನಾಡುವ ಮತ್ತು ಆಯುಧವಿಲ್ಲದೆ ಶಾಂತಿಯಿಂದ ಸೇರುವ ಹಕ್ಕುಗಳು 19ನೇ ವಿಧಿಯಲ್ಲಿವೆ. ಕಸುಬು ನಡೆಸುವ ಹಕ್ಕೂ ಅದೇ ವಿಧಿಯಲ್ಲಿದೆ. 1985ರಲ್ಲಿ ಮುಂಬೈನ ಫುಟ್‌ಪಾತ್ ನಿವಾಸಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬದುಕುವ ಹಕ್ಕಿನಲ್ಲೇ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತು. ಸಂವಿಧಾನವೂ ಅಣ್ಣ–ತಂಗಿಯನ್ನು ಒಂದೇ ಮನೆಯಲ್ಲಿ ಇಟ್ಟಿದೆ. ಯಾರು ಯಾರಿಗೆ ಎಷ್ಟು ಜಾಗ ಬಿಡಬೇಕು ಎಂಬುದನ್ನು ಮಾತ್ರ ಪ್ರತಿ ಸಲವೂ ಹೊಸದಾಗಿ ಅಳೆಯಬೇಕು.

ಒಡೆದ ಗಾಜಿಗೆ ಲೆಕ್ಕ, ಹೋದ ಕೂಲಿಗೆ?

ಅಳತೆ ತಪ್ಪುವುದು ಶುರುವಾಗುವುದೇ ಇಲ್ಲಿ. 2016ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ಆಗಲೂ ಕಾವೇರಿಗಾಗಿಯೇ 9ರಂದು ಕರ್ನಾಟಕ ಬಂದ್, 12ರಂದು ಬೆಂಗಳೂರಿಗೆ ಬೆಂಕಿ. ಒಂದೇ ಡಿಪೋದಲ್ಲಿ ಒಂದೇ ಸಂಸ್ಥೆಯ ನಲವತ್ತಕ್ಕೂ ಹೆಚ್ಚು ಬಸ್ಸುಗಳು ಸುಟ್ಟು ಅಸ್ಥಿಪಂಜರವಾದವು. ಪೊಲೀಸ್ ಗುಂಡಿಗೆ ಜೀವ ಹೋಯಿತು. ರಾಜ್ಯಕ್ಕೆ 22 ಸಾವಿರದಿಂದ 25 ಸಾವಿರ ಕೋಟಿ ರೂಪಾಯಿ ನಷ್ಟ ಎಂದು ಉದ್ಯಮಗಳ ಒಕ್ಕೂಟ ಅಸೋಚಾಂ ಅಂದಾಜಿಸಿತು. ಮರುದಿನ ಎಲ್ಲರ ಬಾಯಲ್ಲೂ ಆ ಅಂಕಿ.

ಇಂಥ ದೊಡ್ಡ ಅಂಕಿಗಳು ಎಲ್ಲವನ್ನೂ ಒಟ್ಟು ಹಾಕುತ್ತವೆ. ಯಾರಿಗೆ ಎಷ್ಟು ತಾಗಿತು ಎಂದು ಹೇಳುವುದಿಲ್ಲ. ಸಾಫ್ಟ್‌ವೇರ್ ಕಂಪನಿ ಬಂದ್ ದಿನ ರಜೆ ಕೊಟ್ಟು, ಮುಂದಿನ ಶನಿವಾರ ಕೆಲಸ ಮಾಡಿಸಿ ಸರಿದೂಗಿಸಿಕೊಳ್ಳುತ್ತದೆ. ಚಿನ್ನದಂಗಡಿಯ ಗಿರಾಕಿ ಇವತ್ತಲ್ಲದಿದ್ದರೆ ನಾಳೆ ಬಂದಾನು. ಸೇವಂತಿಗೆಗೆ ನಾಳೆ ಇಲ್ಲ. ಇಡ್ಲಿ ಗಾಡಿಯವನು ರುಬ್ಬಿಟ್ಟ ಹಿಟ್ಟಿಗೆ ನಾಳೆ ಇಲ್ಲ. ಬೆಳಿಗ್ಗೆ ಸರ್ಕಲ್‌ನಲ್ಲಿ ಗಾರೆ ಕರಣೆ, ಬಾಂಡ್ಲಿ ಹಿಡಿದು ನಿಂತು ಮೇಸ್ತ್ರಿಗೆ ಕಾಯುವವನ ಒಂದು ದಿನ ಹೋದರೆ ಹೋಯಿತೇ. ಕೋಟಿಯ ಲೆಕ್ಕದಲ್ಲಿ ಇವರು ಕಡೆಯ ಸೊನ್ನೆಗೂ ಬರುವುದಿಲ್ಲ. ತಮ್ಮ ಮನೆಯ ಲೆಕ್ಕದಲ್ಲಿ ಮಾತ್ರ ಇವರ ನಷ್ಟ ನೂರಕ್ಕೆ ನೂರು.

ಕಾನೂನೂ ದೊಡ್ಡದನ್ನೇ ನೋಡುತ್ತದೆ. ಪ್ರತಿಭಟನೆಯ ಹೆಸರಿನಲ್ಲಿ ಆಸ್ತಿ ಹಾಳುಮಾಡಿದರೆ ಸಂಘಟಕರಿಂದ ವಸೂಲಿ ಮಾಡಬೇಕೆಂದು ಸುಪ್ರೀಂ ಕೋರ್ಟ್ 2009ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಮುಂಬೈಯಲ್ಲಿ 2003ರ ಜುಲೈ 30ರ ಬಂದ್‌ಗಾಗಿ ಶಿವಸೇನೆ ಮತ್ತು ಬಿಜೆಪಿಗೆ ಬಾಂಬೆ ಹೈಕೋರ್ಟ್ ತಲಾ 20 ಲಕ್ಷ ರೂಪಾಯಿ ದಂಡ ಹಾಕಿತ್ತು. ಆದರೂ ಒಡೆದ ಗಾಜಿಗೆ ಮಹಜರು ಇದೆ, ಫೋಟೊ ಇದೆ, ವಿಮೆಯೂ ಇದೆ. ಬಾಡಿದ ಹೂವಿಗೆ ಮಹಜರು ಬರೆಯುವವರು ಯಾರು?

ಇಲ್ಲಿಗೇ ನಿಲ್ಲಿಸಿದರೆ ಲೇಖನ ಸಲೀಸು. ಬಂದ್ ಕೆಟ್ಟದ್ದು, ಧರಣಿ ಒಳ್ಳೆಯದು, ಎಲ್ಲರೂ ಯಾರಿಗೂ ತೊಂದರೆಯಾಗದಂತೆ ಒಂದು ಮೂಲೆಯಲ್ಲಿ ಕೂತು ಪ್ರತಿಭಟಿಸಲಿ. ಹಾಗೆ ಕೂತವರ ಕತೆ ಏನಾಯಿತು ಎಂದು ಕೇಳಿದಾಗ ಈ ಸಲೀಸುತನ ಉಳಿಯುವುದಿಲ್ಲ.

ಸಾವಿರ ದಿನ, ಎರಡು ದಿನ

ನರಗುಂದಕ್ಕೆ ಹೋಗೋಣ. ಮಲಪ್ರಭೆಯ ನೀರಾವರಿ ಕರದ ವಿರುದ್ಧ 1980ರ ಜುಲೈ 21ರಂದು ರೈತರು ಸಿಡಿದೆದ್ದು, ಗುಂಡಿಗೆ ಬಲಿಯಾಗಿ, ರಾಜ್ಯದ ರೈತ ಚಳವಳಿಗೆ ಕಿಡಿ ಹೊತ್ತಿಸಿದ ಊರು ಅದು. ಅದೇ ಊರಿನಲ್ಲಿ 2015ರ ಜುಲೈನಲ್ಲಿ ಮಹದಾಯಿ ನೀರಿಗಾಗಿ ರೈತರು ಪೆಂಡಾಲ್ ಹಾಕಿ ಧರಣಿ ಕೂತರು. ದಿನಕ್ಕಿಷ್ಟು ಮಂದಿ ಸರದಿಯ ಮೇಲೆ ಬಂದು ಕೂರುವುದು; ಬಿತ್ತನೆಯ ಹೊತ್ತಿಗೆ ಬಿತ್ತನೆ, ರಾಶಿಯ ಹೊತ್ತಿಗೆ ರಾಶಿ, ಉಳಿದ ಹೊತ್ತು ಧರಣಿ. ದಿನ ನೂರಾಯಿತು, ಐನೂರಾಯಿತು, ಸಾವಿರ ದಾಟಿತು. ಪೆಂಡಾಲಿನ ಬಟ್ಟೆ ಬಣ್ಣಗೆಟ್ಟಿತು. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿತು. ಹಂಚಿದ ನೀರು ಕಾಗದದಲ್ಲಿದೆ. ಅದನ್ನು ತರಬೇಕಾದ ಕಳಸಾ–ಬಂಡೂರಿ ನಾಲೆಗಳ ಕೆಲಸಕ್ಕೆ ಒಂದಲ್ಲ ಒಂದು ಅನುಮತಿ ಅಡ್ಡ. ಪಕ್ಕದ ಮನೆಯವನಿಗೂ ತೊಂದರೆ ಕೊಡದೆ ಸಾವಿರ ದಿನ ಕೂತವರಿಗೆ ನಾಡು ಕೊಟ್ಟ ಗಮನ ಎಷ್ಟು?

ಈಗ ಎರಡು ದಿನದ ಕತೆ. 2016ರ ಫೆಬ್ರುವರಿ 10ರಂದು ಕೇಂದ್ರ ಸರ್ಕಾರ ಭವಿಷ್ಯ ನಿಧಿಯ ನಿಯಮ ಬದಲಿಸಿತು. ಕೆಲಸ ಬಿಟ್ಟವರು ತಮ್ಮ ಪಾಲಿನ ಹಣವನ್ನಷ್ಟೇ ತೆಗೆಯಬಹುದು, ಮಾಲೀಕರ ಪಾಲು ಸಿಗುವುದು 58 ತುಂಬಿದ ಮೇಲೆ. ದೆಹಲಿಯಲ್ಲಿ ಕೂತು ನೋಡಿದರೆ ಇದು ಇಳಿವಯಸ್ಸಿನ ಭದ್ರತೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಗಳ ಕಣ್ಣಲ್ಲಿ ಅದು ತನ್ನ ಗಂಟಿಗೆ ಬಿದ್ದ ಬೀಗ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಹಿಂದೆ ಓಡುತ್ತಾ, ಸೊಂಟ, ಕುತ್ತಿಗೆ, ಕಣ್ಣು ಸವೆಸಿಕೊಂಡು 58ರವರೆಗೆ ಮಷಿನ್ ತುಳಿಯುವವರು ಎಲ್ಲೋ ಒಬ್ಬರು. ಕೆಲವು ವರ್ಷ ದುಡಿದು, ಕೆಲಸ ಬಿಟ್ಟು, ಪಿ.ಎಫ್. ದುಡ್ಡು ಬಿಡಿಸಿಕೊಂಡು ಮಗಳ ಮದುವೆಯನ್ನೋ ಕೈಸಾಲವನ್ನೋ ತೀರಿಸಿ, ಮತ್ತೊಂದು ಫ್ಯಾಕ್ಟರಿ ಸೇರುವುದು ಅಲ್ಲಿನ ರೂಢಿ. ಅವರ ಪಾಲಿಗೆ ಪಿ.ಎಫ್. ಎಂದರೆ ಪಿಂಚಣಿ ಅಲ್ಲ, ಆಪತ್ತಿಗೆ ಒಡೆಯುವ ಹುಂಡಿ.

ಏಪ್ರಿಲ್ 18ರಂದು ಅವರು ಮಷಿನ್ ನಿಲ್ಲಿಸಿ ಹೊಸೂರು ರಸ್ತೆಗೆ ಇಳಿದರು. ಹೆಸರು ಹೇಳಬಹುದಾದ ಮುಖಂಡರಿಲ್ಲ, ಹಿಂದಿನ ದಿನದ ಕರಪತ್ರವಿಲ್ಲ, ಅನುಮತಿ ಪತ್ರವಂತೂ ಇಲ್ಲವೇ ಇಲ್ಲ. ಮರುದಿನ ಪೀಣ್ಯ, ತುಮಕೂರು ರಸ್ತೆ. ನಗರಕ್ಕೆ ಬರುವ ದಾರಿಗಳು ಗಂಟೆಗಟ್ಟಲೆ ಕಟ್ಟಿಕೊಂಡವು. ಹೆಬ್ಬಗೋಡಿಯಲ್ಲಿ ವಾಹನಗಳು ಸುಟ್ಟವು, ಲಾಠಿ ಬೀಸಿತು, ಬಂಧನಗಳಾದವು. 19ರ ಸಂಜೆಗೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆ ಹಿಂದಕ್ಕೆ ಪಡೆದುದಾಗಿ ಪ್ರಕಟಿಸಿದರು. ದೇಶದ ಉದ್ದಗಲದ ಪಿ.ಎಫ್. ಚಂದಾದಾರರಿಗೆಲ್ಲ ಇದರ ಲಾಭ ಸಿಕ್ಕಿತು. ಅಂದು ಎಲೆಕ್ಟ್ರಾನಿಕ್ ಸಿಟಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಆ ಹೆಂಗಸರನ್ನು ಬೈದುಕೊಂಡವರಿಗೂ ಸಿಕ್ಕಿತು.

ವಾಹನ ಸುಟ್ಟದ್ದನ್ನು ಸಮರ್ಥಿಸುವ ಅಗತ್ಯವಿಲ್ಲ. ಸುಟ್ಟವರು ಯಾರು ಎಂಬ ಬಗ್ಗೆ ಅಂದೂ ಬೇರೆ ಬೇರೆ ಮಾತುಗಳಿದ್ದವು. ಆದರೆ ಆ ಹೆಣ್ಣುಮಕ್ಕಳು ಅರ್ಜಿ ಬರೆದು, ಅನುಮತಿ ಪಡೆದು, ಭಾನುವಾರ ಯಾವುದೋ ಮೈದಾನದಲ್ಲಿ ಸಭೆ ಸೇರಿದ್ದರೆ ಏನಾಗುತ್ತಿತ್ತು? ನರಗುಂದದ ಪೆಂಡಾಲೇ ಉತ್ತರ. ಸರ್ಕಾರದ ಕಿವಿ ಎಷ್ಟು ದೂರವೋ ಕೂಗು ಅಷ್ಟು ಜೋರು. ಯಾರಿಗೂ ತೊಂದರೆಯಾಗದ ಪ್ರತಿಭಟನೆಗೆ ಬೆಲೆಯೇ ಇಲ್ಲ ಎಂದು ಆಳುವವರು ಮತ್ತೆ ಮತ್ತೆ ತೋರಿಸಿಕೊಟ್ಟರೆ, ಜನ ಕಲಿಯುವ ಪಾಠವೂ ಅದೇ. ಆಗ ಹೂವಿನಮ್ಮನ ನಷ್ಟದಲ್ಲಿ ಕಿವಿಗೊಡದವರ ಪಾಲೂ ಇದೆ.

ಜೈಲಿನಲ್ಲಿ ಸಿಕ್ಕ ಜಾಗ

ಬೆಂಗಳೂರು ಈ ಗೊಂದಲಕ್ಕೆ ಕಂಡುಕೊಂಡ ಉತ್ತರ ಫ್ರೀಡಂ ಪಾರ್ಕ್. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನೆಲ್ಲ ಇಟ್ಟಿದ್ದ ಹಳೆಯ ಸೆಂಟ್ರಲ್ ಜೈಲು 2008ರಲ್ಲಿ ಉದ್ಯಾನವಾಯಿತು. ಮೆರವಣಿಗೆಗಳಿಂದ ನಗರದ ಸಂಚಾರ ಹದಗೆಡುತ್ತಿದೆ ಎಂದು ಹೈಕೋರ್ಟ್ 2021ರಲ್ಲಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಪೊಲೀಸ್ ಇಲಾಖೆಯ ಆದೇಶ ಬಂದು, ಪ್ರತಿಭಟನೆ ಏನಿದ್ದರೂ ಫ್ರೀಡಂ ಪಾರ್ಕ್‌ನಲ್ಲಿ ಎಂದಾಯಿತು. ಸರ್ಕಾರದ ವಿರುದ್ಧ ಮಾತನಾಡಿದವರನ್ನು ಕೂಡಿಹಾಕಿದ್ದ ಜಾಗದಲ್ಲೇ ಸರ್ಕಾರದ ವಿರುದ್ಧ ಮಾತನಾಡಬೇಕು. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದು.

ಆ ಜಾಗಕ್ಕೆ ಬಲವೇ ಇಲ್ಲ ಎನ್ನಲೂ ಆಗದು. 2025ರ ಜನವರಿಯ ಕೊರೆಯುವ ಚಳಿಯಲ್ಲಿ ರಾಜ್ಯದ ಮೂಲೆಮೂಲೆಯಿಂದ ಬಂದ ಆಶಾ ಕಾರ್ಯಕರ್ತೆಯರು ನಾಲ್ಕು ದಿನ ಅಹೋರಾತ್ರಿ ಅಲ್ಲಿ ಕೂತರು. ಗುಲಾಬಿ ಸೀರೆ, ಕಿವಿಗೆ ಬಿಗಿದ ಸ್ಕಾರ್ಫ್, ತಲೆದಿಂಬಿಗೆ ಬಟ್ಟೆಯ ಚೀಲ. ತಿಂಗಳಿಗೆ 15,000 ರೂಪಾಯಿ ಕೇಳಿದವರಿಗೆ ಕನಿಷ್ಠ 10,000ದ ಭರವಸೆ ಸಿಕ್ಕಿ ಎದ್ದರು. ಅವರು ರಸ್ತೆ ಕಟ್ಟಲಿಲ್ಲ. ಊರೂರಿನಲ್ಲಿ ಮಾಡುತ್ತಿದ್ದ ಕೆಲಸ ಬಿಟ್ಟು ಬಂದದ್ದು ಮತ್ತು ಅಷ್ಟು ಮಂದಿ ಒಟ್ಟಿಗೆ ಬಂದದ್ದೇ ಅವರ ಬಲ. ಬಸರಿಯರ ಮನೆಗೆ ಹೋಗುವವರು, ಮಗುವಿಗೆ ಲಸಿಕೆ ನೆನಪಿಸುವವರು ನಾಲ್ಕು ದಿನ ಇಲ್ಲದಿದ್ದಾಗ ಅವರ ಕೆಲಸದ ತೂಕ ತಿಳಿಯಿತು.

ಸಾರಿಗೆ ನೌಕರರದು ಮುಷ್ಕರದ ಹಾದಿ. ಆರನೇ ವೇತನ ಆಯೋಗದ ಸಂಬಳ ಕೇಳಿ 2021ರ ಏಪ್ರಿಲ್ 7ರಿಂದ ಎರಡು ವಾರ ಬಸ್ಸು ನಿಲ್ಲಿಸಿದರು. ಕೋವಿಡ್‌ನ ಎರಡನೇ ಅಲೆ ಏರುತ್ತಿದ್ದ ಹೊತ್ತು. ಖಾಸಗಿ ವಾಹನಗಳಿಗೆ ದುಡ್ಡು ತೆತ್ತು ಪ್ರಯಾಣಿಕರು ಬಳಲಿದರು, ನಿಜ. ಆದರೆ ಡ್ರೈವರ್, ಕಂಡಕ್ಟರ್‌ಗಳು ತೆತ್ತದ್ದು ಅದಕ್ಕಿಂತ ಹೆಚ್ಚು: ಸಂಬಳ ಕಡಿತ, ವರ್ಗಾವಣೆ, ಅಮಾನತು, ಕೆಲವರಿಗೆ ವಜಾ. ಅವರ ಹೋರಾಟ ಸರಿಯೋ ತಪ್ಪೋ ಎಂದು ವಾದಿಸಬಹುದು. ಪುಕ್ಕಟೆ ಹೋರಾಟ ಎನ್ನುವಂತಿಲ್ಲ.

ಕಾಗೋಡಿನ ಕೊಳಗ

ಅಳತೆಯ ಮಾತು ಬಂದಾಗ ಕಾಗೋಡನ್ನು ಬಿಡಲಾಗದು. ಸಾಗರ ತಾಲ್ಲೂಕಿನ ಆ ಊರಿನಲ್ಲಿ 1951ರಲ್ಲಿ ದೀವರ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಎದ್ದುನಿಂತದ್ದು ಒಂದು ಕೊಳಗದ ಮೇಲೆ. ಗೇಣಿಯ ಭತ್ತ ಅಳೆಯುವ ಕೊಳಗ ಇರಬೇಕಾದ್ದಕ್ಕಿಂತ ದೊಡ್ಡದಾಗಿತ್ತು. ಅಳತೆ ಸರಿಯಿರಲಿ ಎಂದು ಕೇಳಿದ್ದಕ್ಕೆ ಹೊಲದಿಂದಲೇ ಹೊರಹಾಕಿದಾಗ, ಅವರು ನೇಗಿಲು ಹೊತ್ತು ಅದೇ ಹೊಲಕ್ಕೆ ಇಳಿದು ಬಂಧನಕ್ಕೊಳಗಾದರು. ಲೋಹಿಯಾ ಬಂದು ಸೆರೆಯಾದರು, ಶಾಂತವೇರಿ ಗೋಪಾಲಗೌಡರು ಬೆನ್ನಿಗೆ ನಿಂತರು. ದೇವರಾಜ ಅರಸರ 1974ರ ಭೂಸುಧಾರಣೆಯ ಬೇರು ಹುಡುಕಿದರೆ ಈ ಕೊಳಗಕ್ಕೆ ಬಂದು ಮುಟ್ಟುತ್ತದೆ.

ನೇಗಿಲು ಹೊತ್ತು ಹೊಲಕ್ಕೆ ಇಳಿದವರು ಪಣಕ್ಕಿಟ್ಟದ್ದು ತಮ್ಮದೇ ಗೇಣಿ, ತಮ್ಮದೇ ಒಲೆ. ಸಾಗರದ ಪೇಟೆಯ ಬಳೆ ಮಾರುವವಳ ಬುಟ್ಟಿಗೆ ಅವರು ಕೈಹಾಕಲಿಲ್ಲ. ಗಾರ್ಮೆಂಟ್ಸ್ ಹೆಂಗಸರೂ ಮೊದಲು ಬಿಟ್ಟದ್ದು ತಮ್ಮ ದಿನದ ಕೂಲಿಯನ್ನು. ಆಮೇಲಷ್ಟೇ ನಗರದ ಹೊತ್ತನ್ನು ಕೇಳಿದ್ದು. ನನಗೆ ಸರಿ ಕಾಣುವ ಅಳತೆ ಇದೇ. ಪ್ರತಿಭಟನೆಯ ಖರ್ಚು ಮೊದಲು ಪ್ರತಿಭಟಿಸುವವನ ಜೇಬಿನಿಂದ ಹೋಗಲಿ. ಆಮೇಲೂ ಆಳುವವರು ಕೇಳದಿದ್ದರೆ, ಒಂದಿಷ್ಟು ತೊಂದರೆ ಸಹಿಸಿಕೊಳ್ಳಿ ಎಂದು ಊರನ್ನು ಕೇಳುವ ಹಕ್ಕು ಅವನಿಗೆ ಬರುತ್ತದೆ. ತಾನು ಏನನ್ನೂ ಕಳೆದುಕೊಳ್ಳದೆ, ಸಂಜೆ ಟಿ.ವಿ.ಯಲ್ಲಿ 'ಬಂದ್ ಯಶಸ್ವಿ' ಎನ್ನುವವನಿಗೆ ಆ ಹಕ್ಕು ಇಲ್ಲ. ಹಾಗೆಯೇ, ವರ್ಷಗಟ್ಟಲೆ ಪೆಂಡಾಲಿನತ್ತ ತಿರುಗಿ ನೋಡದೆ, ರಸ್ತೆ ಕಟ್ಟಿದ ದಿನ ಮಾತ್ರ 'ಬಡವರ ಹೊಟ್ಟೆ' ನೆನಪಾಗುವ ಅಧಿಕಾರಸ್ಥರಿಗೂ ಆ ಮಾತಾಡುವ ಹಕ್ಕು ಇಲ್ಲ. ಎರಡೂ ಕಡೆಯವರು ದೊಡ್ಡ ಕೊಳಗ ಹಿಡಿದು ನಿಂತವರೇ. ಅಳೆಯುವುದು ಮಾತ್ರ ಬೇರೆಯವರ ಭತ್ತವನ್ನು.

ಆ ಮಂಗಳವಾರ ಸಂಜೆ ಮತ್ತೆ ಮಾರುಕಟ್ಟೆಗೆ ಹೋದೆ. ಬಂದ್ ಮುಗಿದು ಒಂದೊಂದೇ ಷಟರ್ ಮೇಲೇಳುತ್ತಿತ್ತು. ಆಕೆಯ ಸೇವಂತಿಗೆಯ ಅಂಚು ಕಂದಿತ್ತು. ಕಟ್ಟಿದ್ದರಲ್ಲಿ ಅರ್ಧ ಹಾಗೇ ಉಳಿದಿತ್ತು. ಎರಡು ಮೊಳ ಕೇಳಿದೆ. ಮೊಣಕೈಗೆ ಹೂವಿನ ತುದಿ ಹಿಡಿದು ಬೆರಳ ತುದಿಗೆ ತಂದವಳು, ಅಲ್ಲಿಗೆ ನಿಲ್ಲಿಸದೆ ಇನ್ನೊಂದು ಗೇಣು ಬಿಟ್ಟು ಕತ್ತರಿಸಿದಳು. ಎರಡನೆಯ ಮೊಳಕ್ಕೂ ಹಾಗೆಯೇ.

'ಇದೇನಮ್ಮ, ಇವತ್ತು ಕೈ ಉದ್ದ ಆಗಿದೆ?' ಎಂದೆ.

'ಬಾಡೋ ಹೂವಿಗೆ ಮೊಳ ಉದ್ದ ಸಾರ್,' ಎಂದು, ಚಿಲ್ಲರೆಗೆ ಸೆರಗಿನ ಗಂಟು ಬಿಚ್ಚಿದಳು.